ಮೊಳೆಯಿಲ್ಲದ ಚರ್ಚು

ಸಿಡ್ನಿಯ ಮಾರ್ಸ್ಡನ್ ಪಾರ್ಕಿನ ನಮ್ಮ ಮನೆಯ ಗ್ಯಾರೇಜಿನಲ್ಲಿ ನಾನೊಂದು ಚರ್ಚು ಕಟ್ಟಿದ್ದೆ. ಮೊಣಕಾಲೆತ್ತರದ್ದು, ಪೂರಾ ಮರದ್ದು. ನಾರ್ವೆಯಲ್ಲಿ ಎಂಟುನೂರು ವರ್ಷಗಳ ಹಿಂದೆ ಕಟ್ಟುತ್ತಿದ್ದ ಚರ್ಚುಗಳ ಮಾದರಿ. ಮೊದಮೊದಲು ಅಲ್ಲಿನವರು ಕಂಬಗಳನ್ನು ನೇರ ಮಣ್ಣಿನಲ್ಲಿ ಹೂಳುತ್ತಿದ್ದರು; ಬುಡ ಕೊಳೆತು ಬಿದ್ದುಹೋದವು. ಆಮೇಲೆ ಬುದ್ಧಿ ಬಂದು, ಕಲ್ಲಿನ ಮೇಲೆ ತೊಲೆಯಿಟ್ಟು, ತೊಲೆಯ ಮೇಲೆ ಕಂಬ ನಿಲ್ಲಿಸಿದರು. ಮೊಳೆ ಹೊಡೆಯದೆ, ಹಲಗೆಗೆ ಹಲಗೆ ಸೇರಿಸಿ ಮರದ ಗೂಟ ಬಡಿದರು. ಅಂಥವು ಕೆಲವು ಇಂದಿಗೂ ನಿಂತಿವೆ.

ಮೆಲ್ಬೋರ್ನಿನಲ್ಲಿ ಹಳೆಯ ಮರದ ಕಟ್ಟಡಗಳನ್ನು ದುರಸ್ತಿ ಮಾಡುವವರು ನನ್ನನ್ನು ಇಂಟರ್‌ವ್ಯೂಗೆ ಕರೆದಿದ್ದರು. ಕೈಕೆಲಸದ ಮಾದರಿ ತರಲು ಹೇಳಿದ್ದರು. ಆ ಕೆಲಸ ಸಿಕ್ಕರೆ ಗಂಡನ ಹೊಡೆತದಿಂದ ಬಿಡುಗಡೆ. "ಪಿಆರ್ ಬರೋವರ್ಗೂ ಅಡ್ಜಸ್ಟ್ ಮಾಡ್ಕೊಂಡ್ ಹೋಗಮ್ಮ" ಎಂದಿದ್ದರು ಪರಿಚಯದ ಆಂಟಿಯೊಬ್ಬರು, ನನ್ನ ಊದಿದ ಕೆನ್ನೆ ನೋಡಿಯೂ, ಕಾಫಿ ಸೋಸುತ್ತಾ. ಪಿಆರ್ ಎಂದರೆ ಈ ದೇಶದಲ್ಲಿ ಕಾಯಂ ನೆಲೆಸುವ ಪರವಾನಗಿ. ಅಡ್ಜಸ್ಟ್ ಅಂತೆ!

ಹೊರಡುವ ಮುನ್ನಾದಿನ ನನ್ನ ವಿಮಾನದ ಟಿಕೆಟ್ ಅವನ ಕಣ್ಣಿಗೆ ಬಿತ್ತು. ಗ್ಯಾರೇಜಿಗೆ ನುಗ್ಗಿದ.

"ಮೆಲ್ಬೋರ್ನಲ್ಲಿ ಯಾವನಿದಾನೆ ಹೇಳೇ?"

ಉತ್ತರಕ್ಕೂ ಕಾಯದೆ ಮುಖಕ್ಕೆ ಬಾರಿಸಿದ. ತುಟಿ ಸೀಳಿತು. ಚರ್ಚಿಗೆ ಅಡ್ಡ ನಿಂತೆ. ಕೂದಲು ಹಿಡಿದು ಗೋಡೆಗೆ ಅಪ್ಪಳಿಸಿದ. ಆಮೇಲೆ ಬೂಟುಗಾಲಿನಿಂದ ಚರ್ಚಿನ ಚಾವಣಿಯನ್ನು ತುಳಿದ. ಮತ್ತೆ ತುಳಿದ. ಗೂಟಗಳು ಸಿಡಿದವು. ಪಕ್ಕದಲ್ಲಿದ್ದ ಲೈಬ್ರರಿ ಪುಸ್ತಕದ ಮೇಲೂ ಅವನ ಕಾಲು ಬಿತ್ತು.

ತಟ್ಟನೆ ನಿಂತ. ಬಗ್ಗಿ, ಪುಸ್ತಕ ಮುಟ್ಟಿ, ಕೈಯನ್ನು ಕಣ್ಣಿಗೊತ್ತಿಕೊಂಡ. ಚಿಕ್ಕಂದಿನಿಂದ ಬಂದ ಅಭ್ಯಾಸ, ನನಗೂ ಇದೆ, ಪುಸ್ತಕವೆಂದರೆ ಸರಸ್ವತಿ. ನೆಲದ ಮೇಲೆ ಬಿದ್ದಿದ್ದ ನಾನು ರಕ್ತ ಉಗುಳುತ್ತಾ ಅದನ್ನೇ ನೋಡಿದೆ. ಸಿಟ್ಟು ಬಂದಾಗ ಅವನಿಗೆ ಏನೂ ಕಾಣುವುದಿಲ್ಲ ಎಂದೇ ಅಷ್ಟು ವರ್ಷ ನಂಬಿದ್ದೆ. ಎಲ್ಲ ಕಾಣುತ್ತದೆ ಅವನಿಗೆ. ಕಾಲು ಎಲ್ಲಿ ಬಿತ್ತು ಎಂಬುದೂ ಕಾಣುತ್ತದೆ. ಆ ಕ್ಷಣದಲ್ಲಿ ನನ್ನ ಭಯ ಹೋಗಿ ಹೇಸಿಗೆ ಹುಟ್ಟಿತು.

ಬೆಳಿಗ್ಗೆ ಅವನು ಏಳುವ ಮೊದಲೇ ಚರ್ಚಿನ ಚೂರುಗಳನ್ನು ಚೀಲಕ್ಕೆ ತುಂಬಿಕೊಂಡು ವಿಮಾನ ಹತ್ತಿದೆ. ಇಂಟರ್‌ವ್ಯೂನಲ್ಲಿ ಅವನ್ನು ಮೇಜಿನ ಮೇಲೆ ಸುರಿದು ಒಂದೊಂದಾಗಿ ಜೋಡಿಸತೊಡಗಿದೆ. ಅಂಟು ಹಾಕಿರಲಿಲ್ಲವಾದ್ದರಿಂದ ಹಲಗೆಗಳು ಮುರಿಯದೆ ಬರೀ ಕಳಚಿದ್ದವು. ಗೋಡೆಗಳು ನಿಂತವು. ಚಾವಣಿ ಮಾತ್ರ ಸೀಳಿತ್ತು, ಅದರ ಮೇಲೆ ಬೂಟಿನ ಅಚ್ಚಿತ್ತು. ಎದುರಿಗಿದ್ದ ಹೆಂಗಸು ಅದನ್ನು ನೋಡಿ, ನನ್ನ ತುಟಿ ನೋಡಿ, "ಏನಾಯಿತು?" ಎಂದು ಮೆಲ್ಲಗೆ ಕೇಳಿದಳು.

ಜಾರಿ ಬಿದ್ದೆ, ಬಾಗಿಲು ತಾಗಿತು ಎಂದು ಹೇಳಿ ಹೇಳಿ ನನ್ನ ನಾಲಿಗೆ ಪಳಗಿತ್ತು.

"ನನ್ನ ಗಂಡ ತುಳಿದ" ಎಂದೆ. "ಮೊದಲು ನನ್ನನ್ನು ಹೊಡೆದ."

ಕೆಲಸ ಸಿಗಲು ಮೂರು ವಾರ ಹಿಡಿಯಿತು. ಅಷ್ಟು ದಿನ ಮೆಲ್ಬೋರ್ನಿನ ಹೊರವಲಯದ ಕ್ರೇಗಿಬರ್ನಿನಲ್ಲಿ ಗೆಳತಿಯ ಮನೆಯಲ್ಲಿದ್ದೆ. ಸಿಡ್ನಿಗೆ ವಾಪಸು ಹೋಗುವ ಟಿಕೆಟ್ ಹಾಳಾಯಿತು. ಹಾಳಾಗಿ ಹೋಗಲಿ.