ಕತ್ತರಿ ಮೇಡಂ

ಹಣಕಾಸು ಇಲಾಖೆಯ ಮೂರನೇ ಮಹಡಿಯಲ್ಲಿ ಕೂರುವ ಅಧಿಕಾರಿಗೆ ಇಡೀ ಕಚೇರಿ ಇಟ್ಟ ಹೆಸರು ಕತ್ತರಿ ಮೇಡಂ. ಯಾವ ಖರ್ಚಿನ ಕಡತ ಬಂದರೂ ಕೆಂಪು ಶಾಯಿಯಲ್ಲಿ ಅರ್ಧ ಹೊಡೆದುಹಾಕಿ, ‘ಹಾಸಿಗೆ ಇದ್ದಷ್ಟೇ ಕಾಲು ಚಾಚಿ’ ಎಂದು ಬರೆಯುವುದು ಅವರ ರೂಢಿ. ಅವರ ಚಪ್ಪಲಿ ಸದ್ದು ಕೇಳಿದರೆ ಮಂತ್ರಿಗಳೇ ಫ್ಯಾನು ಆರಿಸಿ ಬೆವರುತ್ತ ಕೂರುತ್ತಾರಂತೆ. “ದೇಶ ಸಾಲ ಮಾಡಿ ದೀಪ ಹಚ್ಚಿದ್ರೆ ಬೆಳಕು ನಮಗೆ, ಹೊಗೆ ಮಕ್ಕಳಿಗೆ ಕಣ್ರೀ” ಎನ್ನುವ ಮೇಡಂಗೆ ಸ್ವಂತ ಮಕ್ಕಳಿಲ್ಲ. ಅವರಿರುವ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಯಾರದೇ ಕೂಸು ಸಿಕ್ಕರೂ ತಲೆ ಸವರಿ, “ನಿನ್ನ ತಲೆ ಮೇಲಿನ ಸಾಲ ಇಳಿಸ್ತಿದೀನಿ ಪುಟ್ಟಾ, ಸ್ವಲ್ಪ ತಡಿ” ಎನ್ನುತ್ತಾರೆ; ತಾಯಂದಿರು ಗಾಬರಿಯಾಗಿ ಮಗುವಿನ ಟೋಪಿಯನ್ನು ಕಿವಿತನಕ ಎಳೆಯುತ್ತಾರೆ. ಪ್ರತಿ ವಿಭಾಗವೂ ಒಂದೊಂದು ಹುದ್ದೆ ಕಡಿಮೆ ಮಾಡಬೇಕೆಂದು ಹೋದ ವರ್ಷ ಆದೇಶ ಬರೆದವರೂ ಅವರೇ. ಊರಿಗೆಲ್ಲ ಬುದ್ಧಿ ಹೇಳಿ ತಾವು ನುಣುಚಿಕೊಂಡರೆ ಹೇಗೆ ಎಂದು ಮೊದಲು ಹೊಡೆದದ್ದು ತಮ್ಮ ಕೋಣೆಯ ಅಟೆಂಡರಮ್ಮನ ಹುದ್ದೆಯನ್ನೇ. ಹದಿನಾರು ವರ್ಷ ಟೀ ತಂದಿಟ್ಟು, “ಊಟ ಆಯ್ತಾ ಮೇಡಂ? ಮುಖ ಯಾಕೆ ಬಾಡಿದೆ?” ಎಂದು ಕೇಳುತ್ತಿದ್ದವಳು ಆಕೆಯೊಬ್ಬಳೇ. ಹೋಗುವ ದಿನ, “ನೀವು ಮಾಡಿದ್ಮೇಲೆ ಸರಿಯಾಗೇ ಇರುತ್ತೆ ಬಿಡಿ” ಎಂದು ಲೋಟ ತೊಳೆದಿಟ್ಟು ಹೋದಳು. ಲೆಕ್ಕವೇನೋ ಸರಿಯಾಗಿಯೇ ಇದೆ; ಮೇಡಂ ಮೂರು ಸಲ ಕೂಡಿ ನೋಡಿದ್ದಾರೆ. ಆದರೂ ಸಂಜೆ ನಾಲ್ಕಾದರೆ ಅವರ ಕೈ ತಾನಾಗಿ ಮೇಜಿನ ಬೆಲ್ ಒತ್ತುತ್ತದೆ. ಖಾಲಿ ಬಾಗಿಲನ್ನು ಒಂದು ಕ್ಷಣ ನೋಡಿ, “ಬಂದೆ ಮೇಡಂ” ಎಂದು ತಾವೇ ಮೆಲ್ಲಗೆ ಓಗೊಟ್ಟು, ಲೋಟ ಹಿಡಿದು ಏಳುತ್ತಾರೆ.