ಹೊಗೆಸೊಪ್ಪಿನ ಚಪ್ಪರದಲ್ಲಿ ಜಪಾನಿನ ಅಣ್ಣತಮ್ಮ

ನಾನು ಹಳೇ ಆನಿಮೆ ನೋಡುವವನು. ಹಳೇದು ಅಂದರೆ ನಾನು ಹುಟ್ಟುವುದಕ್ಕೆ ಮೊದಲಿನದು, ನಮ್ಮಪ್ಪ ಚಡ್ಡಿಯಲ್ಲಿ ಓಡಾಡುತ್ತಿದ್ದ ಕಾಲದ್ದು. ಜಪಾನಿನವರು ಒಂದೊಂದು ಚಿತ್ರವನ್ನೂ ಕೈಯಲ್ಲಿ ಬರೆದು, ಬಣ್ಣ ಹಚ್ಚಿ ಮಾಡಿದ ಧಾರಾವಾಹಿಗಳು. ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ. ಪಿರಿಯಾಪಟ್ಟಣದ ಸುತ್ತ ನನ್ನಷ್ಟು ನೋಡಿದವನು ಇನ್ನೊಬ್ಬ ಇದ್ದರೆ ಬರಲಿ, ಕೂತು ಮಾತಾಡೋಣ.

ಶುರುವಾದದ್ದು ಹರಾಜು ಮಾರುಕಟ್ಟೆಯಲ್ಲಿ. ನಮ್ಮ ಹೊಗೆಸೊಪ್ಪಿನ ಬೇಲುಗಳನ್ನು ಇಳಿಸಿ ಸರದಿ ಕಾಯುತ್ತಿದ್ದೆ. ಫೋನು ತಳ್ಳುತ್ತಾ ಕೂತಿದ್ದಾಗ ಒಂದು ತುಣುಕು ಬಂತು. ತೆಂಗಿನಮರದಷ್ಟು ಎತ್ತರದ ಕಬ್ಬಿಣದ ಆಳು ಮಳೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಅಲ್ಲಾಡಲಿಲ್ಲ. ಫೋನ್ ಹ್ಯಾಂಗ್ ಆಯಿತು ಅಂತ ಅಂಗೈಗೆ ತಟ್ಟಿದೆ. ಹ್ಯಾಂಗ್ ಆಗಿರಲಿಲ್ಲ, ಮಳೆಯ ಸದ್ದು ಬರುತ್ತಲೇ ಇತ್ತು. ಬೇಕೆಂದೇ ನಿಲ್ಲಿಸಿದ್ದರು. ಆಮೇಲೆ ಅವನ ಎದೆಯ ಬಾಗಿಲು ತೆರೆದುಕೊಂಡಿತು. ಒಬ್ಬ ಹುಡುಗ ಇಳಿದ. ಅಳಲಿಲ್ಲ, ಕೂಗಲಿಲ್ಲ, ಕೆಸರಿನಲ್ಲಿ ನಡೆದು ಹೋದ. ಅಷ್ಟೇ. ನನ್ನ ಸರದಿ ಕೂಗಿದ್ದು ಕೇಳಿಸಲೇ ಇಲ್ಲ. ಹಿಂದಿನವನು ಬೆನ್ನಿಗೆ ಗುದ್ದಿ ಎಬ್ಬಿಸಿದ.

ಆ ಧಾರಾವಾಹಿಯನ್ನು ಹುಡುಕಿ ಮೊದಲಿಂದ ಹಿಡಿದೆ. ಮಾತು ಜಪಾನಿ, ಕೆಳಗೆ ಬರುವ ಅಕ್ಷರ ಇಂಗ್ಲಿಷು. ನಾನು ಎಂಟನೇ ಕ್ಲಾಸು ಮುಗಿಸದೆ ಸ್ಕೂಲು ಬಿಟ್ಟವನು. ಒಂದೊಂದು ಸಾಲಿಗೂ ನಿಲ್ಲಿಸಿ ಓದಬೇಕಿತ್ತು. ಕನ್ನಡ ಮಾಡಿಕೊಡು ಎಂದು ಫೋನಿಗೆ ಹೇಳಿದರೆ, ಯುದ್ಧದಲ್ಲಿ ಸಾಯುತ್ತಿರುವವನ ಬಾಯಲ್ಲಿ ಬ್ಯಾಂಕಿನ ನೋಟೀಸಿನ ಕನ್ನಡ ಬರುತ್ತಿತ್ತು. ಅದನ್ನು ಬಿಟ್ಟೆ. ಮುಖ ನೋಡಿ ಅರ್ಥ ಮಾಡಿಕೊಳ್ಳುವುದನ್ನು ಕಲಿತೆ. ತಿಳಿಯದ ಕಡೆ ಮಾತ್ರ ಓದಿದೆ. ಈಗ ಸಲೀಸಾಗಿ ಓದುತ್ತೇನೆ. ಯಾವ ಮೇಷ್ಟ್ರೂ ಕಲಿಸಿದ್ದಲ್ಲ.

ನೋಡುತ್ತಾ ನೋಡುತ್ತಾ ಅದನ್ನು ಮಾಡುವ ಕೆಲಸವೂ ತಿಳಿಯಿತು. ದುಡ್ಡು ಸಾಲದ ಕಡೆ, ಓಡುವ ಕಾಲುಗಳ ಅದೇ ಚಿತ್ರವನ್ನು ಮತ್ತೆ ಮತ್ತೆ ತೋರಿಸುತ್ತಾರೆ. ಆಕಾಶದಲ್ಲಿ ಬ್ರಷ್ಷಿನ ಗೆರೆ ಕಾಣುತ್ತದೆ. ಹೊಸದರಲ್ಲಿ ಎಲ್ಲವೂ ಓಡುತ್ತದೆ, ಕಣ್ಣಿಗೆ ಬಿಡುವಿಲ್ಲ. ಹಳೆಯದರಲ್ಲಿ ಒಬ್ಬ ಸುಮ್ಮನೆ ನಿಂತರೆ ಅವನ ಹೊಟ್ಟೆಯೊಳಗಿನ ಸಂಕಟ ನಮಗೆ ಕಾಣುತ್ತದೆ.

ಮನೆಯಲ್ಲಿ ಅವ್ವನ ಕಣ್ಣಿಗೆ ಇದೊಂದು ರೋಗ. ಹೆಣ್ಣು ನೋಡಲು ಹೋದ ಕಡೆ ಇದರ ಬಗ್ಗೆ ಬಾಯಿ ಬಿಡಬೇಡ ಎಂದಿದ್ದಳು.

ಹೋದ ವರ್ಷ ಸೊಪ್ಪು ಕಟ್ಟುವ ಕಾಲ. ನಮ್ಮಲ್ಲಿ ಬೆಳಿಗ್ಗೆ ಮುರಿದು ತಂದ ಸೊಪ್ಪನ್ನು ಅವತ್ತೇ ಕಡ್ಡಿಗಳಿಗೆ ಕಟ್ಟಿ, ಬ್ಯಾರನ್ ಅನ್ನುವ ಹದ ಮಾಡುವ ಮನೆಯೊಳಗೆ ನೇತುಹಾಕಿ, ಒಣಗಿಸಲು ಒಲೆ ಹಚ್ಚಬೇಕು. ರಾಶಿಯಲ್ಲೇ ಬಿಟ್ಟರೆ ಕಾವು ಹಿಡಿದು ಕೆಡುತ್ತದೆ. ಎಲ್ಲರ ಹೊಲವೂ ಒಟ್ಟಿಗೇ ಬಲಿಯುವುದರಿಂದ ಕಟ್ಟುವ ಹೆಂಗಸರಿಗೆ ಕಿತ್ತಾಟ. ನಮ್ಮ ಬ್ಯಾರನ್ನಿಗೆ ಹುಣಸೂರು ಕಡೆಯಿಂದ ಒಂದು ಗುಂಪು ಆಟೋದಲ್ಲಿ ಬರುತ್ತಿತ್ತು. ಗುಂಪಿನ ಹಿರಿಯಳನ್ನು ಎಲ್ಲರೂ ದೊಡ್ಡವ್ವ ಅನ್ನುತ್ತಿದ್ದರು. ಅವಳು ಎದ್ದರೆ ಗುಂಪು ಏಳುತ್ತದೆ.

ಮೊದಲನೇ ದಿನ ಊಟ ಮುಗಿಸಿ ಹೆಂಗಸರು ಬ್ಯಾರನ್ ಮುಂದಿನ ಚಪ್ಪರದಲ್ಲಿ ಮತ್ತೆ ಕಟ್ಟಲು ಕೂತರೂ ನಾನು ಫೋನು ನೋಡುತ್ತಿದ್ದೆ.

‘ಏನ್ಲಾ ಅದು, ಮೀಸೆ ಬಂದೈತೆ, ಇನ್ನೂ ಬೊಂಬೆ ನೋಡ್ತೀಯ?’ ಅಂದಳು ದೊಡ್ಡವ್ವ.

‘ಬೊಂಬೆ ಅಲ್ಲ ಕಣ್ ದೊಡ್ಡವ್ವ, ಕತೆ.’

‘ಕತೆ ಆದ್ರೆ ಹೇಳು ಮತ್ತೆ. ಕೈಗೆ ಕೆಲ್ಸ ಐತೆ, ಕಿವಿ ಸುಮ್ಕೆ ಬಿದ್ದೈತೆ.’

ಹೇಳಿದೆ. ಹರಾಜಿನಲ್ಲಿ ಕಂಡ ಆ ಕಬ್ಬಿಣದ ಆಳಿನ ಕತೆಯೇ. ಹೊಳೆಯ ಪಕ್ಕ ಒಂದು ಊರು. ಅಣ್ಣ, ತಮ್ಮ, ತಾಯಿ. ಯುದ್ಧ ಬಂದು ಹೊಳೆಯೇ ಗಡಿಯಾಗುತ್ತದೆ. ಅಣ್ಣ ಆ ದಡದಲ್ಲಿ ಸಿಕ್ಕಿಬೀಳುತ್ತಾನೆ, ತಮ್ಮ ಈ ದಡದಲ್ಲಿ. ಎರಡೂ ಕಡೆಯವರು ಅವರನ್ನು ಕಬ್ಬಿಣದ ಆಳುಗಳ ಎದೆಯೊಳಗೆ ಕೂರಿಸಿ ಹೊಡೆದಾಟಕ್ಕೆ ಬಿಡುತ್ತಾರೆ. ಒಳಗೆ ಯಾರಿದ್ದಾರೆ ಅಂತ ಒಬ್ಬರಿಗೊಬ್ಬರಿಗೆ ಗೊತ್ತಿಲ್ಲ.

‘ಅವ್ರಪ್ಪ ಬದುಕಿರೋವಾಗ್ಲೇ ಪಾಲು ಮಾಡ್ಬೇಕಿತ್ತು’ ಅಂದಳು ನಮ್ಮ ಪಕ್ಕದ ಮನೆ ಅತ್ತಿಗೆ. ಅವಳೂ ಕಟ್ಟಲು ಬಂದಿದ್ದಳು.

‘ಪಾಲಿನ ಜಗಳ ಅಲ್ಲ ಕಣತ್ತಿಗೆ, ಯುದ್ಧ.’

‘ಎಲ್ಲಾ ಒಂದೇ ಬುಡು. ನಡುವ್ಲೋನು ಯಾರೋ ಹಚ್ಚಿಕೊಟ್ಟವ್ನೆ.’

ಸರಿಯಾಗಿಯೇ ಹೇಳಿದ್ದಳು. ಹಚ್ಚಿಕೊಟ್ಟವನು ಒಬ್ಬ ಇದ್ದ, ಆದರೆ ಅವನು ಬರುವುದು ಇನ್ನೂ ಮುಂದೆ.

ಪ್ರತಿ ಸಲ ಬ್ಯಾರನ್ ತುಂಬುವಾಗ ಒಂದಷ್ಟು ಹೇಳುತ್ತಾ ಹೋದೆ. ಬೇರೆಯವರು ಕರೆದರೂ ಆ ಗುಂಪು ನಮ್ಮಲ್ಲಿಗೇ ಬಂತು. ದೊಡ್ಡವ್ವ ಅಣ್ಣನ ಪಕ್ಷ. ಅವಳ ಗಂಡುಮಕ್ಕಳಿಬ್ಬರು ಒಂದು ಬದುವಿನ ವಿಷಯಕ್ಕೆ ಮಾತು ಬಿಟ್ಟಿದ್ದಾರೆ. ಅದು ಎಲ್ಲರಿಗೂ ಗೊತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ.

ಕೊನೆಯ ಬ್ಯಾರನ್ನಿನ ದಿನ ಸೊಪ್ಪು ಹೆಚ್ಚು, ಮೋಡ ಬೇರೆ. ಕತೆಯೂ ಕೊನೆಗೆ ಬಂದಿತ್ತು. ದೊಡ್ಡವ್ವ ಕಡ್ಡಿ ಎತ್ತುತ್ತಲೇ ಹೇಳಿದಳು.

‘ನೋಡು, ದೊಡ್ಡೋನೇನಾರ ಸತ್ರೆ ನಾನು ಎದ್ದು ಹೋಯ್ತೀನಿ. ಈಗ್ಲೇ ಹೇಳಿವ್ನಿ.’

ಎಲ್ಲರೂ ನಕ್ಕರು. ನಾನು ನಗಲಿಲ್ಲ. ದೊಡ್ಡವನು ಸಾಯುತ್ತಾನೆ.

ಅವ್ವ ನನ್ನನ್ನು ಬ್ಯಾರನ್ ಹಿಂದಕ್ಕೆ ಕರೆದಳು.

‘ಸಾಯ್ತಾನೇನ್ಲಾ?’

‘ಹೂಂ.’

‘ಉಳಿಸ್ಬುಡು. ನಿನ್ ಗಂಟೇನ್ ಹೋಯ್ತದೆ? ಸೊಪ್ಪು ಇನ್ನೂ ಅರ್ಧ ಐತೆ.’

‘ಆಗಾಕಿಲ್ಲ ಕಣವ್ವ.’

‘ಜಪಾನ್ನೋರು ಬಂದು ಕೇಳ್ತಾರಾ?’

ಕೇಳುವುದಿಲ್ಲ. ಆದರೆ ಆ ಸಾವನ್ನು ಯಾರೋ ಕೂತು, ಒಂದೊಂದು ಹಾಳೆ ಬರೆದಿದ್ದಾರೆ. ಅದಕ್ಕಾಗಿಯೇ ಮೊದಲಿಂದ ಎಲ್ಲ ಜೋಡಿಸಿಕೊಂಡು ಬಂದಿದ್ದಾರೆ. ಬೊಂಬೆ ಅಲ್ಲ, ಕತೆ ಅಂತ ದೊಡ್ಡವ್ವನ ಹತ್ತಿರ ಹೇಳಿದವನು ನಾನೇ. ಈಗ ಸೊಪ್ಪಿಗೋಸ್ಕರ ಅವನನ್ನು ಬದುಕಿಸಿದರೆ ಅದು ಬೊಂಬೆಯೇ ಆಗುತ್ತದೆ.

ಹೋಗಿ ಕೂತೆ, ಇದ್ದ ಹಾಗೇ ಹೇಳಿದೆ. ತಮ್ಮ ಹೊಡೆಯುತ್ತಾ ಬೈಯುತ್ತಾನೆ. ಆ ದನಿ ಅಣ್ಣನಿಗೆ ಗುರುತು ಸಿಗುತ್ತದೆ. ಎತ್ತಿದ ಕೈಯನ್ನು ಅಣ್ಣ ಇಳಿಸುತ್ತಾನೆ. ತಮ್ಮನಿಗೆ ಅದು ತಿಳಿಯುವುದಿಲ್ಲ. ಇನ್ನೊಂದು ಏಟು ಹಾಕುತ್ತಾನೆ.

ದೊಡ್ಡವ್ವ ಕಡ್ಡಿ ಕೆಳಗಿಟ್ಟು ಎದ್ದಳು. ಚಪ್ಪರ ದಾಟಿ ನಲ್ಲಿಯ ಕಡೆ ಹೋದಳು. ಎಲ್ಲರ ಕೈ ನಿಂತಿತು. ಸೊಪ್ಪಿನ ರಾಶಿ ಹಾಗೇ ಇತ್ತು. ಅವ್ವ ನನ್ನನ್ನು ನುಂಗುವ ಹಾಗೆ ನೋಡಿದಳು. ಆಟೋದವನು ಬೀಡಿ ಎಸೆದು ಹೊರಡೋದಾ ಎಂಬಂತೆ ತಲೆ ಎತ್ತಿದ. ನಾನು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ದೊಡ್ಡವ್ವ ಮುಖ ತೊಳೆದು ಸೆರಗಿನಲ್ಲಿ ಒರೆಸಿಕೊಂಡು ಬಂದಳು. ತನ್ನ ಜಾಗದಲ್ಲೇ ಕೂತಳು.

‘ಮುಂಡೇದೆ, ಸಾಯಿಸ್ಬುಟ್ಟಲ್ಲೋ’ ಅಂದಳು. ಕಡ್ಡಿ ಎತ್ತಿಕೊಂಡಳು. ‘ಆಮ್ಯಾಕೆ? ತಮ್ಮಂಗೆ ಯಾವಾಗ ಗೊತ್ತಾಯ್ತು?’

ಹೇಳಿದೆ. ಬಿದ್ದ ಕಬ್ಬಿಣದ ಆಳಿನ ಎದೆಯ ಬಾಗಿಲು ತೆರೆದಾಗ ತಮ್ಮನಿಗೆ ಗೊತ್ತಾಗುತ್ತದೆ, ಅಣ್ಣನನ್ನು ಹೊತ್ತು ಹೊಳೆ ದಾಟುತ್ತಾನೆ. ತಾಯಿಗೆ ಇನ್ನೂ ಗೊತ್ತಿಲ್ಲ, ಎರಡು ತಟ್ಟೆ ಇಟ್ಟು ಕಾಯುತ್ತಿದ್ದಾಳೆ. ಅಲ್ಲಿಗೆ ಚಿತ್ರ ನಿಲ್ಲುತ್ತದೆ. ಎಲ್ಲರ ಕೈ ಮತ್ತೆ ಸೊಪ್ಪು ಕಟ್ಟತೊಡಗಿತು. ಅತ್ತಿಗೆ ಮೂಗು ಎಳೆದುಕೊಂಡಳು. ಹೊತ್ತು ಮುಳುಗುವ ಮೊದಲೇ ಬ್ಯಾರನ್ ತುಂಬಿತು.

ಆಟೋ ಹತ್ತುವ ಮೊದಲು ದೊಡ್ಡವ್ವ ನನ್ನ ಹತ್ತಿರ ಬಂದಳು.

‘ತೋರ್ಸ್ಲಾ ಅವ್ರ ಮೊಕವ.’

ಸೊಪ್ಪಿನ ಅಂಟು ಹತ್ತಿ ಎಲ್ಲರ ಕೈಯೂ ಕಪ್ಪಾಗಿತ್ತು. ಫೋನನ್ನು ನಾನೇ ಹಿಡಿದೆ. ಮೊದಲನೇ ಕಂತು ಹಾಕಿದೆ. ಯುದ್ಧಕ್ಕೆ ಮೊದಲು ಊರಿನ ಹುಡುಗರೆಲ್ಲ ಹೊಳೆಯಲ್ಲಿ ಆಡುವ ಚಿತ್ರ. ಅದರಲ್ಲಿ ಯಾರು ಯಾರು ಅಂತ ನಾನು ಹೇಳಲಿಲ್ಲ. ಹೆಂಗಸರು ಸುತ್ತ ನಿಂತು ಬಗ್ಗಿದರು.

ದೊಡ್ಡವ್ವ ಪರದೆಗೆ ತಾಗದ ಹಾಗೆ ಬೆರಳು ಚಾಚಿದಳು. ‘ಇವ್ನೇ ದೊಡ್ಡೋನು. ತಮ್ಮನ್ ಬಟ್ಟೆ ಹಿಡ್ಕಂಡು ದಡದಲ್ಲಿ ನಿಂತವ್ನೆ ನೋಡು.’

ಅವನೇ.

‘ಮೊದ್ಲೇ ನೋಡಿದ್ಯಾ ದೊಡ್ಡವ್ವ? ಎಂಗ್ ಗೊತ್ತಾಯ್ತು?’ ಅಂದಳು ಅತ್ತಿಗೆ.

‘ಇವ್ನು ಹೇಳಿದ್ನಲ್ಲ’ ಎಂದು ದೊಡ್ಡವ್ವ ನನ್ನ ಕಡೆ ಗದ್ದ ತೋರಿದಳು.

ಒಲೆ ಹಚ್ಚು ಬಾರೋ ಎಂದು ಅವ್ವ ಕೂಗಿದಳು. ಆಟೋದವನು ಹಾರನ್ ಹೊಡೆದ. ಯಾರೂ ಕದಲಲಿಲ್ಲ. ಆ ಕಂತು ಮುಗಿಯುವ ತನಕ ನಾನು ಕೈ ಇಳಿಸಲಿಲ್ಲ.