ಮೇಣ ಬಳಿಯಲು ಒಪ್ಪದ ಮೆಕ್ಯಾನಿಕ್

ಗೆಳೆಯರೇ, ಇವತ್ತು ವಿದೇಶದಲ್ಲಿ ನಾವಿರುವ ಸ್ಟಾಕ್‌ಪೋರ್ಟಿನ ಒಂದು ಗ್ಯಾರೇಜಿನಲ್ಲಿ ನನ್ನ ಮಾನ ಹೋಯಿತು, ಜೀವ ಉಳಿಯಿತು.

ಚಳಿಗಾಲ ಬಂತೆಂದರೆ ಇಲ್ಲಿನ ರಸ್ತೆಗಳಿಗೆ ಹಿಮ ಕರಗಲೆಂದು ಉಪ್ಪು ಸುರಿಯುತ್ತಾರಲ್ಲ, ಅದಕ್ಕೆ ಮೊದಲು ನಮ್ಮ ಹಳೆಯ ಕಾರಿನ ತಳಕ್ಕೆ ತುಕ್ಕು ತಡೆಯುವ ಮೇಣ ಬಳಿಸಬೇಕಿತ್ತು. ಬೆಳಗ್ಗೆ ಕಾರು ಬಿಟ್ಟು ಬಂದು, ಮಧ್ಯಾಹ್ನ ಹೋಗಿ ನೋಡಿದರೆ ಕಾರನ್ನು ಮೇಲೆತ್ತಿ ಇಟ್ಟಿದ್ದಾರೆ, ಕೆಲಸವೇ ಶುರುವಾಗಿಲ್ಲ. "ಇದಕ್ಕೆ ನಾನು ಬಳಿಯೋದಿಲ್ಲ" ಎಂದರು, ಅರವತ್ತು ದಾಟಿದ ಮೆಕ್ಯಾನಿಕ್.

"ಬುಕ್ ಮಾಡಿ ಮೂರು ವಾರ ಆಯ್ತು! ನಾಳೆ ಬೆಳಗ್ಗೆ ಆಸ್ಪತ್ರೆಯಲ್ಲಿ ನನ್ನ ಡ್ಯೂಟಿ ಇದೆ" ಎಂದು ರೇಗಿದೆ. ಅವರ ಎದುರೇ ಗಂಡನಿಗೆ ಫೋನ್ ಹಚ್ಚಿ, "ಈ ಮುದುಕಗ ಕೆಲಸಾ ಮಾಡಾಕ ಮನಸಿಲ್ಲ ನೋಡ್ರಿ" ಎಂದು ಕನ್ನಡದಲ್ಲಿ ದೂರಿದೆ.

ಮೆಕ್ಯಾನಿಕ್ ನನ್ನನ್ನು ಕಾರಿನ ಕೆಳಗೆ ಕರೆದು ಟಾರ್ಚ್ ಹಿಡಿದರು. ಬ್ರೇಕ್ ಪೈಪು ತುಕ್ಕು ಹಿಡಿದು ಸವೆದು, ಎಣ್ಣೆ ಒಸರುತ್ತಿತ್ತು. "ಇದರ ಮೇಲೆ ಮೇಣ ಬಳಿದರೆ ಯಾರ ಕಣ್ಣಿಗೂ ಬೀಳೋದಿಲ್ಲ. ಹಿಂದೆ ಮಕ್ಕಳ ಸೀಟು ಎರಡಿವೆ, ನೋಡಿದೆ" ಎಂದರು.

ನಿನ್ನೆಯಷ್ಟೇ ನಮ್ಮ ಇಬ್ಬರು ಮಕ್ಕಳನ್ನೂ ಕೂರಿಸಿಕೊಂಡು ಮೋಟಾರ್‌ವೇ ಹೆದ್ದಾರಿಯಲ್ಲಿ ದೂರದ ಟಿವಿಡೇಲ್ ಊರಿನ ದೇವಸ್ಥಾನಕ್ಕೆ ಹೋಗಿ ಬಂದಿದ್ದೆವು.

ಕ್ಷಮೆ ಕೇಳಿದೆ. "ಭಾಷೆ ಗೊತ್ತಾಗಲಿಲ್ಲ, ಆದರೆ ನನ್ನ ಹೆಂಡತಿ ಬಯ್ಯೋದೂ ಅದೇ ದನಿಯಲ್ಲೇ" ಎಂದು ನಕ್ಕು, ಒಂದು ಮಗ್ ಚಹಾ ಕೊಟ್ಟರು.

ಪೈಪು ಬದಲಿಸಿ, ಆಮೇಲೆ ಮೇಣ ಬಳಿಯಲು ಎರಡು ದಿನ ಬೇಕಂತೆ. ಈಗ ಬಸ್ ಸ್ಟಾಪಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಬಸ್ಸು ಇನ್ನೂ ಬಂದಿಲ್ಲ. ಇಲ್ಲಿ ಕಾಯುತ್ತಿರುವವರಲ್ಲಿ ದೇವರಿಗೆ ಥ್ಯಾಂಕ್ಸ್ ಹೇಳುತ್ತಿರುವವಳು ಬಹುಶಃ ನಾನೊಬ್ಬಳೇ.